ನೂರರ ಹಲಗೆ

ಮೂವತ್ತೊಂದು ವರ್ಷ ನಾನು ರೈಲು ನಿಲ್ಲಿಸಿದವನು.
ಓಡಿಸಿದವನು ಅನ್ನುವುದಿಲ್ಲ; ಓಡುವುದು ಅದರ ಜಾಯಮಾನ.
ಹೋಲಿಹೆಡ್ಡಿನ ದಾರಿಯಲ್ಲಿ, ಎಲೆ ಕೊಳೆತು ಜಾರುವ ಹಳಿಯ ಮೇಲೆ,
ಮೈಲಿ ದೂರದಿಂದಲೇ ಗಾಳಿಯನ್ನು ತುಸು ತುಸು ಬಿಟ್ಟು
ಯಾರ ಚಹಾವೂ ತುಳುಕದಂತೆ
ಬಿಳಿ ಗೆರೆಗೆ ಮೂತಿ ತಾಗಿಸಿದವನು.
"ಇದ್ವಲ್ ನಿಲ್ಲಿಸಿದ್ದು ಗೊತ್ತೇ ಆಗಲಿಲ್ಲ":
ನಿವೃತ್ತಿಯ ದಿನ ಕೇಕಿನ ಮೇಲೆ ಅದನ್ನೇ ಬರೆಸಿದ್ದರು.

ಈಗ ಅರವತ್ಮೂರರಲ್ಲಿ, ಆಂಗಲ್ಸಿಯ ಕಡಲಂಚಿನ ಟ್ರ್ಯಾಕಿನಲ್ಲಿ,
ಹಳೇ ಕ್ಲಿಯೋದೊಳಗೆ, ಬಾಡಿಗೆ ಹೆಲ್ಮೆಟ್ಟಿನಲ್ಲಿ ತಲೆ ತುರಿಸಲಾಗದೆ.
ಪಕ್ಕದಲ್ಲಿ ನೆಸ್ಟಾ, ಕಟುಕನ ಮಗಳು, ಇಪ್ಪತ್ತಾರು.
ಮೊದಲ ತಿರುವಿಗೇ ಕೇಳಿದಳು:
"ಏನಜ್ಜ, ಸ್ಟೇಷನ್ ಬಂತಾ?"

ಅವಳ ಪಾಠ ತಲೆಕೆಳಗು.
"ಒದೆಯಬೇಡ, ಒತ್ತು. ಆದರೆ ಪೂರ್ತಿ ಒತ್ತು,
ನೂರರ ಹಲಗೆ ಪಕ್ಕಕ್ಕೆ ಬಂದಾಗ, ಮೊದಲಲ್ಲ.
ಭಾರವೆಲ್ಲ ಮೂತಿಗೆ ಬರಲಿ, ಮುಂದಿನ ಟೈರು ನೆಲ ಕಚ್ಚಲಿ.
ಆಮೇಲೆ ಬಿಡು. ನೀನು ಕಲಿಯಬೇಕಾದ್ದು ಅದು.
ಸ್ಟೀರಿಂಗು ತಿರುಗಿದಷ್ಟೂ ಕಾಲು ಹಗುರ:
ನಿದ್ದೆಹೋದ ಕೂಸಿನ ತಲೆಯಡಿಯಿಂದ
ಕೈ ಎಳೆದುಕೊಳ್ಳುವುದಿಲ್ಲವೇ, ಹಾಗೆ.
ತಟ್ಟನೆ ಬಿಟ್ಟೆಯೋ, ಮೂತಿ ಎದ್ದು ಕಾರು ಹೊರಗೋಡುತ್ತದೆ.
ಬಿಡದೇ ಹಿಡಿದೆಯೋ, ಚಕ್ರ ಮಾತು ಕೇಳುವುದಿಲ್ಲ."
ಅವಳಿಗೆ ಮಕ್ಕಳಿಲ್ಲ. ಕೂಸಿನ ಮಾತು ಎಲ್ಲಿಂದ ಬಂತೋ, ಕೇಳಲಿಲ್ಲ.

ನನ್ನ ವಿದ್ಯೆಯೆಲ್ಲ ಕೈಯಲ್ಲಿ, ಕಾಲು ಅನಕ್ಷರಸ್ಥ.
ಇನ್ನೂರು ಗಜ ಇರುವಾಗಲೇ ತಾನಾಗಿ ಹೋಗಿ
ಪೆಡಲಿನ ಮೇಲೆ ಕೂರುತ್ತದೆ, ಜಗಲಿ ಕಂಡ ಮುದುಕನ ಹಾಗೆ.

ಆರನೇ ಸುತ್ತಿಗೆ ಹದ ಸಿಕ್ಕಿತು.
ಒತ್ತಿದೆ, ಭಾರ ಬಂತು, ಬಿಟ್ಟೆ, ಬಿಟ್ಟೆ, ಬಿಡುತ್ತಲೇ ಇದ್ದೆ;
ಕಾರು ತನ್ನಷ್ಟಕ್ಕೆ ಸೊಂಟ ತಿರುಗಿಸಿ
ತಿರುವಿನ ಒಳಗಲ್ಲನ್ನು ಸವರಿಕೊಂಡು ಹೋಯಿತು.
ಬೇಲಿಯಾಚೆ ಕುರಿಗಳು ತಲೆಯೆತ್ತಲಿಲ್ಲ.
ನೆಸ್ಟಾ ಏನೂ ಅನ್ನಲಿಲ್ಲ. ಅವಳ ಲೆಕ್ಕದಲ್ಲಿ ಅದು ಶಹಬ್ಬಾಸ್.

ಏಳನೆಯದರಲ್ಲಿ ಒತ್ತಿದರೆ
ಪೆಡಲಿಲ್ಲ.
ಇತ್ತು; ಕಲಸಿದ ಹಿಟ್ಟು ತುಳಿದಂತೆ ತಳದವರೆಗೂ ಹೋಯಿತು.
"ಮತ್ತೆ ಒತ್ತು! ಮತ್ತೆ!"
ನೂರು ಹೋಯಿತು, ಐವತ್ತು ಹೋಯಿತು,
ಜಲ್ಲಿಯ ಹಾಸು ಗಾಜಿನೆತ್ತರ ಎದ್ದು ಬಂದು ನಮ್ಮನ್ನು ಹಿಡಿದುಕೊಂಡಿತು.
ಜೀವಮಾನದಲ್ಲಿ ಮೊದಲ ಸಲ
ನಾನು ನಿಲ್ಲಿಸದೆ ಏನೋ ನಿಂತಿತು.

ಪಿಟ್ಟಿನಲ್ಲಿ ಜ್ಯಾಕು, ಪಾರದರ್ಶಕ ನಳಿಕೆ, ಜಾಮಿನ ಬಾಟಲಿ.
"ಎಣ್ಣೆ ಯಾವಾಗ ಬದಲಿಸಿದ್ದು?"
ನನಗೆ ಗೊತ್ತಿಲ್ಲ. ಕಾರು ಮಾರಿದ ಪಾದ್ರಿಗೂ ಗೊತ್ತಿರಲಿಕ್ಕಿಲ್ಲ.
ಬ್ರೇಕಿನಲ್ಲಿ ಎಣ್ಣೆಯೇ ಕುಡುಕ, ಅಂದಳು;
ವರ್ಷಗಟ್ಟಲೆ ಗಾಳಿಯ ತೇವ ಕುಡಿಯುತ್ತದೆ,
ಕಾವೇರಿದಾಗ ಆ ನೀರು ಕುದಿದು ಗುಳ್ಳೆ.
ಗುಳ್ಳೆಯನ್ನು ಎಷ್ಟು ಒತ್ತಿದರೂ ಅದೇ ಕುಗ್ಗುತ್ತದೆ,
ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ.
ರೈಲಿನಲ್ಲಿ ಗಾಳಿಯೇ ನನ್ನ ಅನ್ನವಾಗಿತ್ತು. ಇಲ್ಲಿ ಅದೇ ವಿಷ.

ನಾನು ಒಳಗೆ, ಅವಳು ಚಕ್ರದ ಬಳಿ ಮೊಣಕಾಲೂರಿ.
"ಒತ್ತು." ಒತ್ತಿದೆ.
"ಹಿಡಿ." ಸ್ಪ್ಯಾನರು ಕಾಲು ಸುತ್ತು; ಪೆಡಲು ಮುಳುಗಿತು.
"ಬಿಡಬೇಡ." ಬಿಗಿದಳು. "ಈಗ ಬಿಡು."
ಕಷಾಯದ ಬಣ್ಣ, ಅದರ ತುಂಬ ಗುಳ್ಳೆ.
ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡಕ್ಕೆ ಬರುವಷ್ಟರಲ್ಲಿ
ನನ್ನ ತೊಡೆ ನಡುಗುತ್ತಿತ್ತು.
ಕೊನೆಗೆ ನಳಿಕೆಯಲ್ಲಿ ತೆಳು ಜೇನು,
ಪೆಡಲು ಕಾಲಿಗೆ ಎದುರು ಮಾತಾಡಿತು.

ಸಂಜೆ ಒಂದೇ ಸುತ್ತು, ಆದಷ್ಟು ಬ್ರೇಕು ಮುಟ್ಟದೆ, ಆರಲೆಂದು.
ನಿಂತೊಡನೆ ಎಡಗೈ ಹ್ಯಾಂಡ್‌ಬ್ರೇಕಿಗೆ ಹೋಯಿತು.
ನೆಸ್ಟಾ ಮಣಿಕಟ್ಟು ಹಿಡಿದಳು:
ಡಿಸ್ಕು ಕಾದಿದೆ, ಈಗ ಹಿಡಿದರೆ ಪ್ಯಾಡು ಅಂಟೀತು.
ಗೇರಿನಲ್ಲಿ ಬಿಟ್ಟು ಇಳಿದೆ.
ಕಡಲ ಗಾಳಿ ಕಾರನ್ನು ಮೆಲ್ಲಗೆ ತೂಗುತ್ತಿತ್ತು.
ಹುಡುಕಿ ಒಂದು ಕಲ್ಲು ತಂದು ಹಿಂದಿನ ಚಕ್ರಕ್ಕೆ ಆನಿಸಿದೆ;
ಎಲ್ಲರೂ ಹೋದ ಮೇಲೂ
ಅಲ್ಲೇ ನಿಂತು ನೋಡುತ್ತಿದ್ದೆ, ಉರುಳುತ್ತದೋ ಎಂದು.