ಬಲಗಡೆಯ ಕಿಟಕಿ

ಬೆಳಿಗ್ಗೆ ಹತ್ತೂವರೆ. ಶಟರು ಅರ್ಧ ಎತ್ತಿದ್ದೆ ಅಷ್ಟೆ, ಫೋನು.
ಅಲ್ಲಿ ಅವನಿಗೆ ಇನ್ನೂ ನಿನ್ನೆಯ ರಾತ್ರಿ ಹತ್ತು ಗಂಟೆ.
"ಹಡಗು ಇಲ್ಲಿ ನಿಲ್ಲುವುದಿಲ್ಲವಂತೆ ಮಾರಾಯ್ತಿ,
ಸೀದಾ ಓಕ್ಲೆಂಡಿಗೆ ಹೋಗಿ ಅಲ್ಲೇ ಕಾಯುತ್ತದಂತೆ.
ಟಿಕೆಟು ನೀವೇ ಮಾಡಿಕೊಳ್ಳಿ, ಬಿಲ್ಲು ತನ್ನಿ ಎಂದರು ಕಂಪೆನಿಯವರು.
ಲಾಸ್ ಏಂಜಲಿಸಿನಿಂದ ಒಂದು ಸಣ್ಣ ವಿಮಾನ ನೋಡು."

ಸಣ್ಣ ವಿಮಾನ!
ಕಾಸರಗೋಡಿನ ಈ ಕುರ್ಚಿಯಲ್ಲಿ ಹದಿನಾಲ್ಕು ವರ್ಷ ಕೂತು
ಊರಿನ ಅರ್ಧ ಗಂಡಸರನ್ನು ದುಬೈ, ದೋಹಾಕ್ಕೆ ಹಾರಿಸಿದವಳು ನಾನು,
ಉಮ್ರಾಕ್ಕೆ ಹೊರಟ ಮುದುಕಿಯರ ಪಾಸ್‌ಪೋರ್ಟಿನಲ್ಲಿ
ಹೆಸರಿನ ಒಂದೊಂದೇ ಅಕ್ಷರ ತಡವಿ ನೋಡಿದವಳು.
ಎತ್ತರವೆಂದರೆ ನಾನು ಏರಿದ್ದು ಬೇಕಲ ಕೋಟೆಯ ಬುರುಜು.

ಲೀಲಾಧರನಿಗೆ ಮಾತ್ರ ಒಂದು ಟಿಕೆಟೂ ಮಾಡಿದ್ದಿಲ್ಲ.
ಅದು ಯಾವತ್ತೂ ಮುಂಬಯಿಯಿಂದಲೇ ಬರುತ್ತಿತ್ತು,
ಇಂಥ ದಿನ ಇಂಥ ಬಂದರು ಎಂದು,
ನನ್ನನ್ನು ಕೇಳದೆ.

ಆ ಊರಿಗೆ ಒಂದಲ್ಲ, ನಾಲ್ಕೈದು ವಿಮಾನ ನಿಲ್ದಾಣ.
ಆಚೆ ಕೊಲ್ಲಿಯ ಸುತ್ತ ಮೂರು.
ಸ್ಯಾನ್ ಫ್ರಾನ್ಸಿಸ್ಕೋ ಹನ್ನೊಂದು ಡಾಲರು ಅಗ್ಗ,
ಆದರೆ ಇಳಿದು ಸೇತುವೆ ದಾಟಬೇಕು,
ಅಗ್ಗವಾದದ್ದು ಟ್ಯಾಕ್ಸಿಯವನ ಜೇಬಿಗೆ.
ಬೆಳಗಿನ ಆರರದ್ದು ಬೇಡ, ಮೂರಕ್ಕೇ ಏಳಬೇಕಾಗುತ್ತದೆ,
ನಿನ್ನೆಯಷ್ಟೇ ಎರಡು ದಿನದ ಪ್ರಯಾಣ ಮುಗಿಸಿದವನು.
ಎಂಟು ಇಪ್ಪತ್ತರದ್ದು ಇರಲಿ.
ಹಾರುವುದು ಒಂದು ಗಂಟೆ ಇಪ್ಪತ್ತೈದು ನಿಮಿಷ:
ಚಂದ್ರಗಿರಿ ಸೇತುವೆಯ ಮೇಲೆ ಲಾರಿ ಕೆಟ್ಟು ನಿಂತ ಸಂಜೆ
ನನ್ನ ಕೋಟಿಕುಳಂ ಬಸ್ಸಿಗೆ ಬೇಕಾಗುವಷ್ಟು.

"ಗಂಡನ ಟಿಕೆಟಿಗೂ ಕಮಿಷನ್ ಹಾಕುತ್ತೀಯಾ?"
ಒಳಗಿನಿಂದ ಅಂದುಂಞಿಚ್ಚನ ನಗು.
ಹಾಕಿದೆ. ಬಿಲ್ಲು ಕಂಪೆನಿಯದ್ದಲ್ಲವೇ.

ಚೀಲಕ್ಕೆ ಮೂವತ್ತೈದು ಡಾಲರು. ಇಪ್ಪತ್ಮೂರು ಕಿಲೋ.
ಬಾಯ್ಲರ್ ಸೂಟು ಎರಡು, ಕಬ್ಬಿಣದ ಮೂತಿಯ ಬೂಟು,
ನಾನು ತುರುಕಿದ ಒಣಸಿಗಡಿ ಚಟ್ನಿಪುಡಿಯ ಡಬ್ಬಿ.
ಎಲ್ಲ ಕೂಡಿಸಿದೆ, ಸರಿಹೋಗಬೇಕು.

ಕೊನೆಗೆ ಸೀಟಿನ ನಕ್ಷೆ,
ಖಾಲಿ ಮೊಟ್ಟೆತಟ್ಟೆಯ ಹಾಗೆ ಸಾಲು ಸಾಲು ಕುಳಿ.
ಅವರದ್ದೂ ನಮ್ಮ ಹಾಗೆ ಪಡುಗಡಲು.
ಬಡಗಿಗೆ ಹೋಗುವ ವಿಮಾನ; ಎಂದರೆ ಕಡಲು ಎಡಕ್ಕೆ,
ಕುಂಬಳೆ, ಉಪ್ಪಳ ದಾಟಿ ಮಂಗಳೂರಿಗೆ ಹೋಗುವ ರೈಲಿನಲ್ಲಿ
ಎಡಗಡೆ ಕೂತರೆ ಕಾಣುತ್ತದಲ್ಲ, ಹಾಗೇ.
ಇಷ್ಟು ದೂರದ ಲೆಕ್ಕ ನನಗೆ ಸಿಕ್ಕಿತಲ್ಲ ಎಂದು ಹಿಗ್ಗಿ
ಹನ್ನೊಂದು ಎ ಹಿಡಿದೆ.
"ಪೂರಾ ಕಡಲು ಕಾಣುತ್ತದೆ ನೋಡಿ," ಎಂದೆ.

ಆಚೆ ಸ್ವಲ್ಪ ಹೊತ್ತು ಮಾತಿಲ್ಲ.
ಹೋಟೆಲಿನ ನಲ್ಲಿ ಸುರಿಯುವ ಸದ್ದು, ನಿಂತದ್ದು.
"ಬೇಡ. ನಾಡಿದ್ದಿನಿಂದ ಒಂಬತ್ತು ತಿಂಗಳು ಅದೇ ಅಲ್ಲವಾ.
ಮನೆಗಳು ಕಾಣುವ ಬದಿ ಕೊಡು."

ಹದಿನೇಳು ವರ್ಷ.
ರಜೆಯಲ್ಲಿ ಬಂದಾಗೆಲ್ಲ ಪಡುಬಾಗಿಲಲ್ಲಿ ಕುರ್ಚಿ ಹಾಕುತ್ತಿದ್ದೆ,
ಗಾಳಿ ಬರಲಿ, ಅಲೆ ಕಾಣಲಿ ಎಂದು.
ಅವನು ಕುರ್ಚಿ ಎತ್ತಿಕೊಂಡು ಮೂಡಣ ಅಂಗಳಕ್ಕೆ ಹೋಗಿ
ನೆರೆಮನೆಯ ಪುಷ್ಪವೇಣಿ ಒಗೆದ ಬಟ್ಟೆ ಹರವುವುದನ್ನು,
ಮಕ್ಕಳು ಸೈಕಲ್ಲಿಗೆ ಜಗಳಾಡುವುದನ್ನು
ನೋಡುತ್ತ ಕೂರುತ್ತಿದ್ದ.
ಬೀಡಿ ಸೇದಲಿಕ್ಕೆ ಎಂದುಕೊಂಡಿದ್ದೆ.

ಹನ್ನೊಂದು ಎ ಬಿಟ್ಟು ಹನ್ನೊಂದು ಎಫ್ ಒತ್ತಿದೆ.
ಒಂಬತ್ತು ಡಾಲರು ಹೆಚ್ಚಾಯಿತು.
ಅದನ್ನು ಬಿಲ್ಲಿಗೆ ಸೇರಿಸಲಿಲ್ಲ.

ಸಂಜೆ ಬಸ್ಸಿನಲ್ಲಿ ಎಡಬದಿಯ ಸೀಟೆಲ್ಲ ತುಂಬಿತ್ತು.
ಕಂಬಿ ಹಿಡಿದು ನಿಂತು, ಯಾರದೋ ತಲೆಯ ಮೇಲಿಂದ ಬಗ್ಗಿ ನೋಡಿದೆ:
ಕಳನಾಡು, ಉದುಮ,
ಒಂದೊಂದೇ ಮನೆಯ ದೀಪ,
ಒಂದು ಜಗಲಿಯಲ್ಲಿ ಪಾಠ ಒಪ್ಪಿಸುವ ಹುಡುಗಿ,
ಇನ್ನೊಂದರಲ್ಲಿ ಬರೀ ಚಪ್ಪಲಿಗಳು.
"ಚೇಚೀ, ನಿಮ್ಮ ಸ್ಟಾಪು," ಎಂದ ಕಂಡಕ್ಟರು ಎರಡು ಸಲ.

ಎಂಟೂವರೆಗೆ ಅವನ ಸಂದೇಶ ಬಂತು.
ಚೀಲ ಒಂದು ಕಿಲೋ ಹೆಚ್ಚು ತೂಗಿತಂತೆ.
ಡಬ್ಬಿ ಹೊರಗೆ ತೆಗೆದು
ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನಂತೆ.