ಕಡೆಯ ಬಾರಿ ಆಡಿದ ಟೂರ್ನಿ

ಕಮ್ಮನಹಳ್ಳಿ. ಮೊಬೈಲ್ ಅಂಗಡಿಯ ಮೇಲೆ ಮೂರನೇ ಮಹಡಿ.
ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿದ್ದಾರೆ. ಹತ್ತಿದೆ.
ಹೆಸರು ಬರೆದುಕೊಳ್ಳುವ ಹುಡುಗ ತಲೆ ಎತ್ತದೆ ಅಂದ:
"ಪೇರೆಂಟ್ಸ್ ಆ ಕಡೆ ಕೂತ್ಕೊಳ್ಳಿ ಆಂಟಿ,
ಮಗ ಬಂದ್ಮೇಲೆ ಸೈನ್ ಮಾಡ್ಲಿ."
ಭುಜದ ಚೀಲ ಇಳಿಸಿ, ಜಿಪ್ ಎಳೆದು,
ಕ್ಯೂ ಕೋಲಿನ ಎರಡು ತುಂಡು ಅವನ ಮುಂದಿಟ್ಟೆ.
ಫಾರಂ ನನ್ನ ಕಡೆಗೆ ತಿರುಗಿತು.

ಹೆಸರು: ಮರಗದಂ. ಕನ್ನಡದಲ್ಲಿ ಬರೆದರೆ ಮರಕತ.
ತಂದೆ: ಪಳನಿ, ಮಾರ್ಕರ್.
(ಉದ್ಯೋಗ ಯಾರೂ ಕೇಳಿರಲಿಲ್ಲ, ಕೈ ತಾನೇ ಬರೆಯಿತು.)
ವಯಸ್ಸು: ನಲವತ್ತಮೂರು.
ಕಡೆಯ ಬಾರಿ ಆಡಿದ ಟೂರ್ನಿ:
ಅಲ್ಲಿ ಪೆನ್ನು ನಿಂತಿತು.
ಹನ್ನೆರಡು ವರ್ಷ ಅರ್ಧ ಇಂಚಿನ ಗೆರೆಯ ಮೇಲೆ ಹಿಡಿಸುವುದಿಲ್ಲ.
ಖಾಲಿ ಬಿಟ್ಟೆ.

ಅಪ್ಪ ಹಲಸೂರಿನ ಹತ್ತಿರದ ಕ್ಲಬ್ಬಿನಲ್ಲಿ
ದೊಡ್ಡವರ ಆಟಕ್ಕೆ ಅಂಕ ಬರೆಯುತ್ತಿದ್ದವನು.
ಮುಂಬಾಗಿಲು ನಮ್ಮದಲ್ಲ.
ಬೆಳಗ್ಗೆ ಐದೂವರೆಗೆ, ಮೆಂಬರುಗಳು ನಿದ್ದೆಯಲ್ಲಿರುವಾಗ,
ಅಡುಗೆಮನೆಯ ದಾರಿಯಿಂದ ನನ್ನನ್ನು ಒಳಗೆ ಬಿಟ್ಟು
ಮೇಜಿನ ಹೊದಿಕೆ ಮಡಚುತ್ತಿದ್ದ.
ಬಟ್ಟೆಗೆ ಬ್ರಷ್ ಹಾಕುವುದೇ ಮೊದಲ ಪಾಠ,
ಒಂದೇ ದಿಕ್ಕಿಗೆ, ಮಲಗಿದ ಮಗುವಿನ ತಲೆ ಬಾಚುವ ಹಾಗೆ.
ನನಗೆ ಹೆಸರಿಟ್ಟದ್ದೂ ಆ ಹಸಿರು ನೋಡಿಯೇ.
ಅದರ ಕೆಳಗಿರುವುದು ಕಲ್ಲು ಎಂದು
ಅವನಿಗೆ ಗೊತ್ತಿತ್ತು.

ಆಟ ಬಿಟ್ಟದ್ದಕ್ಕೆ ದೊಡ್ಡ ಕಾರಣ ಹೇಳಲಾರೆ.
ಮುಂಗೈ ಮುರಿಯಿತು, ಕೂಡಿತು.
ಅಭ್ಯಾಸ ಮಾಡುತ್ತಿದ್ದ ಪಾರ್ಲರ್ ಜಿಮ್ ಆಯಿತು.
ಕಾಕ್ಸ್ ಟೌನಿನ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು.
ಮಾತ್ರೆ ಎಣಿಸುತ್ತ ಒಂಬತ್ತಕ್ಕೆ ಬಂದಾಗ
ಕೈ ಒಂದು ಚೂರು ನಿಲ್ಲುತ್ತಿತ್ತು.
ಅಷ್ಟೇ.

ಕಳೆದ ಆಷಾಢದಲ್ಲಿ ಮಂಚದ ಕೆಳಗಿಂದ ಕ್ಯೂ ತೆಗೆದೆ.
ನೆಲದ ಮೇಲೆ ಉರುಳಿಸಿದರೆ ನಡುವೆ ಸಣ್ಣಗೆ ಕುಂಟಿತು.
ತುದಿಯ ಚರ್ಮ ಗಟ್ಟಿಯಾಗಿ,
ಹೆಬ್ಬೆರಳ ಸಂದಿನ ನನ್ನ ಚರ್ಮ ಮೆತ್ತಗಾಗಿ,
ಎರಡೂ ಕೆಲಸ ಅದಲುಬದಲು ಮಾಡಿಕೊಂಡಿದ್ದವು.
ಕನ್ನಡಕ ಹೊಸ ಶತ್ರು. ಬಗ್ಗಿದರೆ ಅದರ ಅಂಚು
ನೆಟ್ಟಗೆ ಚೆಂಡಿನ ಹಣೆಯ ಮೇಲೆ ಕೂರುತ್ತದೆ.
ರಬ್ಬರ್ ಬ್ಯಾಂಡ್ ಸುತ್ತಿ ಮೇಲಕ್ಕೇರಿಸಿಕೊಂಡೆ.

ಎದುರಾಳಿ ನಿಶಿತ್, ಹತ್ತೊಂಬತ್ತು. ಕುತ್ತಿಗೆಗೆ ಇಯರ್‌ಫೋನ್.
ಒಡೆದನೆಂದರೆ ಚೆಂಡುಗಳು ಶಾಲೆ ಬಿಟ್ಟ ಹಾಗೆ ಓಡುತ್ತಿದ್ದವು.
ಮೂರು ರ‍್ಯಾಕ್ ನಾನು ಕುರ್ಚಿಯಿಂದಲೇ ನೋಡಿದೆ.
ಆಡುವವರಿಗೆ ಮಾತ್ರ ಗೊತ್ತು ಆ ಕುರ್ಚಿ:
ಬೇಡದಿದ್ದರೂ ನೀರು ಕುಡಿಯುವುದು,
ಹಚ್ಚಿದ ತುದಿಗೇ ಮತ್ತೆ ಚಾಕ್ ಹಚ್ಚುವುದು,
ಪಂಕ್ತಿಯಲ್ಲಿ ಬಡಿಸದ ಎಲೆಯ ಮುಂದೆ ಕೂತಿರುವುದು.

ನಾಲ್ಕನೆಯದರಲ್ಲಿ ಅವನು ಐದನ್ನು ತಪ್ಪಿಸಿದ.
ಬಿಳಿ ಚೆಂಡು ಒಂದು ಬೆರಳು ಹೆಚ್ಚಿಗೆ ಉರುಳಿ
ಎಂಟರ ಮರೆಗೆ ನಿಂತಿತು. ನೇರ ದಾರಿ ಇಲ್ಲ.
ಎದ್ದೆ. ಬಗ್ಗಿದೆ. ಗಲ್ಲ ಕೋಲಿಗೆ ತಾಗಿತು.
ಏಸಿಯ ಸದ್ದು, ಕೆಳಗಿನ ರಸ್ತೆಯ ಹಾರ್ನು,
ಯಾರದೋ ರಿಂಗ್‌ಟೋನು, ಎಲ್ಲ ಒಂದೊಂದಾಗಿ ಹೊರಗೆ ಹೋದವು.
ಅಡುಗೆಮನೆಯ ದಾರಿ ನನಗೆ ಗೊತ್ತಿತ್ತು.
ಒಂದು ಕುಶನ್ನು, ಇನ್ನೊಂದು,
ಬಿಳಿಯದು ಅವಸರವಿಲ್ಲದೆ ಹಿಂದಿನಿಂದ ಬಂದು
ಐದರ ಬೆನ್ನು ತಟ್ಟಿತು.
ಅದು ಮೂಲೆಯ ತುಟಿಯಲ್ಲಿ ನಿಂತು,
ಯೋಚಿಸಿ,
ಬಿತ್ತು.

ಆ ರ‍್ಯಾಕ್ ನನ್ನದು. ಮುಂದಿನದೂ.
ಆಮೇಲೆ ಎರಡಡಿ ದೂರದ ಸುಲಭದ ಒಂಬತ್ತು.
ಔಷಧಿ ಅಂಗಡಿಯ ಕೈ ಒಂದು ಚೂರು ನಿಂತಿತು.
ಐದಕ್ಕೆ ಎರಡು. ಗೆದ್ದವನು ಅವನು.

ಕೈ ಕುಲುಕಿ ಕೇಳಿದ:
"ಆ ಎರಡು ಕುಶನ್ ಶಾಟ್, ಯಾವ ಅಕಾಡೆಮಿ ಮ್ಯಾಮ್?"
"ಬೆಳಗ್ಗೆ ಐದೂವರೆ," ಅಂದೆ.
ಅರ್ಥವಾಗಲಿಲ್ಲ. ಒಳ್ಳೆಯ ಹುಡುಗ, ತಲೆಯಾಡಿಸಿದ.

ಬಸ್ಸಿನಲ್ಲಿ ಕಂಡಕ್ಟರ್ ಹರಿದು ಕೊಟ್ಟ
ಸೊನ್ನೆ ರೂಪಾಯಿಯ ಟಿಕೆಟ್ಟಿನ ಮೇಲೆ
ಚಾಕಿನ ನೀಲಿ ಹೆಬ್ಬೆಟ್ಟು ಬಿದ್ದಿತು.
ಇಳಿಯುವಾಗ ಎಸೆಯಲಿಲ್ಲ.