ಕೂತಾಗಿನ ಎತ್ತರ

ಥು ಬೋನ್ ಜಲಾನಯನಕ್ಕೆ ಮುಂದೆಂದೋ ಬೀಳಲಿರುವ ಮಳೆಯನ್ನು
ನಾನು ದಾ ನಾಂಗಿನ ಒಂದು ಮೂರನೇ ಮಹಡಿಯಲ್ಲಿ ಸುರಿಸುತ್ತೇನೆ.
ಹನಿ ಇಲ್ಲ, ವಾಸನೆ ಇಲ್ಲ. ಫ್ಯಾನು ಮಾತ್ರ ಗುಂಯ್‌ಗುಡುತ್ತದೆ
ಇಪ್ಪತ್ತೆರಡು ಮಾದರಿಗಳ ಕಾವಿಗೆ.
ಇಪ್ಪತ್ತೆರಡೂ ಒಂದೇ ಆಕಾಶ ನೋಡಿ
ಇಪ್ಪತ್ತೆರಡು ಮಾತಾಡುತ್ತವೆ,
ಮದುವೆಮನೆಯ ಅಡುಗೆಯವರ ಹಾಗೆ, ಉಪ್ಪಿನ ವಿಷಯಕ್ಕೆ.

ಒಂದರಲ್ಲಿ 2070ರ ಅಕ್ಟೋಬರ್ ಒಣಗಿಯೇ ಕಳೆಯುತ್ತದೆ.
ಇನ್ನೊಂದರಲ್ಲಿ ಮೂರೇ ದಿನಕ್ಕೆ ಸಾವಿರದ ನಾನೂರು ಮಿಲಿಮೀಟರು.
ಕಾಫಿ ಲೋಟ ಕೆಳಗಿಟ್ಟೆ.
ಮತ್ತೆ ಓಡಿಸಿದೆ. ಮತ್ತೆ ಅದೇ.

ನೂರು ವರ್ಷಕ್ಕೊಮ್ಮೆಯ ಮಳೆ ಅಂತ ನಾವು ಹೆಸರಿಟ್ಟದ್ದು
ಕಡಲು ಕಾದಮೇಲೆ ಇಪ್ಪತ್ತೆಂಟಕ್ಕೇ ಬಾಗಿಲು ತಟ್ಟುತ್ತದೆ.
ಬಂದು ಹೋದ ಮಾರನೇ ವರ್ಷವೂ ಬರಬಹುದು.
ಇದನ್ನು ಹೇಳಿದಾಗಲೆಲ್ಲ ಯಾರಾದರೂ ನಗುತ್ತಾರೆ.
ಮಳೆಗೆ ಪಂಚಾಂಗ ಓದಲು ಬರುವುದಿಲ್ಲ ಅನ್ನುತ್ತೇನೆ.
ಆಗಲೂ ನಗುತ್ತಾರೆ.

ಸಭೆಗೆ ಹೋದೆ, ನದಿ ಎರಡಾಗಿ ಸೀಳುವಲ್ಲಿನ ಹಳ್ಳಿಗೆ.
ನಕ್ಷೆಯಲ್ಲಿ ಅವರ ಬೀದಿ ಕಡು ನೇರಳೆ.
ಮೀನಿನ ಸಾಸಿನ ಜಾಡಿ ಮಾರುವ ಸುವಂಗ್ ಕೇಳಿದಳು:
"ಈ ಬಣ್ಣ ಯಾರು ಆರಿಸಿದ್ದು? ಚೆನ್ನಾಗಿದೆ."

ಅಲ್ಲಿನ ಹಳೇ ಮನೆಗಳಲ್ಲಿ ಅಟ್ಟದ ಹಲಗೆಗಳ ನಡುವೆ ಒಂದು ಕಿಂಡಿ.
ನೆರೆ ಬಂದರೆ ಅದರಿಂದ ಹಗ್ಗ ಇಳಿಬಿಟ್ಟು ಎಳೆಯುತ್ತಾರೆ:
ಅಕ್ಕಿ ಮೂಟೆ, ಹೊಲಿಗೆ ಯಂತ್ರ, ಹಿರಿಯರ ಪೀಠದ ಫೋಟೋ,
ಬೈಕು, ಹಂದಿಮರಿ,
ಆಮೇಲೆ ಮನುಷ್ಯರು. ಇದೇ ಕ್ರಮ.
ಗೋಡೆಯ ಮೇಲೆ ನೆರೆಯ ಗೆರೆಗಳು. ಡ್ರಾಗನ್ ವರ್ಷದ್ದು ಮಸಿಯಲ್ಲಿ,
ತೊಂಬತ್ತೊಂಬತ್ತರದ್ದು ಇಟ್ಟಿಗೆ ಚೂರಿನಲ್ಲಿ.
ಅವುಗಳ ಕೆಳಗೊಂದು ಪೆನ್ಸಿಲ್ ಗೀಟು.
ಅದೂ ನೆರೆಯೆಂದು ಬರೆದುಕೊಂಡೆ. ಅಲ್ಲವಂತೆ,
ಆರು ವರ್ಷದವಳಿದ್ದಾಗ ಮಗಳ ಎತ್ತರವಂತೆ.
ಹೊಡೆದುಹಾಕಿದೆ.

ತ್ವಾಯ್ ಆ ಕಿಂಡಿಗಳನ್ನು ಮಾಡುವ ಬಡಗಿ. ನಕ್ಷೆ ನೋಡಲಿಲ್ಲ.
"ಎಷ್ಟು ಅಂತ ಹೇಳು," ಅಂದ. "ಮುಂದಿನ ಅಟ್ಟ ಎಲ್ಲಿ ಹೊಡೀಲಿ?"
"ಈಗಿನ ಗುರುತಿಗಿಂತ ಅರವತ್ತು ಸೆಂಟಿಮೀಟರು ಮೇಲೆ.
ಅಥವಾ ಎರಡು ಮೀಟರು ಹತ್ತು."
"ಅಥವಾ?"
"ನಡುವೆ ಎಲ್ಲಾದರೂ. ಎಷ್ಟು ಹೊಗೆ ಬಿಡ್ತಾರೆ ಅನ್ನೋದರ ಮೇಲೆ."
"ಯಾರು?"
ಹೊರಗೆ ಯಾರದೋ ದೋಣಿಯ ಮೋಟಾರು ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು.

ಅವನು ನನ್ನ ನಕ್ಷೆಯನ್ನು ಬೋರಲು ಹಾಕಿ
ಕಿವಿಯ ಮೇಲಿನ ಪೆನ್ಸಿಲು ತೆಗೆದು
ಹಿಂಬದಿಯಲ್ಲಿ ಒಂದು ಮನೆ ಬರೆದ. ನೆಲ. ಗೋಡೆ. ಹೆಂಚು.
ಅರವತ್ತಕ್ಕೆ ಒಂದು ಗೆರೆ: ಅಟ್ಟದಲ್ಲಿ ಒಲೆ ಹಿಡಿಯುತ್ತದೆ,
ಕಾಲು ಚಾಚಿ ಮಲಗಬಹುದು.
ಎರಡು ಹತ್ತಕ್ಕೆ ಇನ್ನೊಂದು ಗೆರೆ.
ಅದಕ್ಕೂ ಹೆಂಚಿಗೂ ನಡುವೆ
ಅವನ ಬೆರಳು ಹೋಗಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು, "ಕೂತ್ಕೋ," ಅಂದ.
ಕೂತೆ, ಸಿಮೆಂಟು ನೆಲದ ಮೇಲೆ, ಕಾಲು ಮಡಿಸಿ.
ತಗಡಿನ ಟೇಪು ಬೆನ್ನ ಹಿಂದೆ ಸರ್ರನೆ ಏರಿತು.
ನೆತ್ತಿಯ ಮೇಲೊಂದು ಹಲಗೆ ತುಂಡಿಟ್ಟು ಓದಿದ:
"ಎಂಬತ್ತಮೂರು. ಕೂದಲು ಒತ್ತಿದರೆ ಎಂಬತ್ತೆರಡು."
ಸುವಂಗಳನ್ನು ಕೂರಿಸಿದ. ಎಂಬತ್ತು. ಅವಳ ಅತ್ತೆ, ಎಪ್ಪತ್ತೊಂದು.
ಹುಡುಗರು ತಾವೇ ಸಾಲು ನಿಂತರು, ಲಸಿಕೆಗೆ ನಿಂತ ಹಾಗೆ,
ಒಬ್ಬರನ್ನೊಬ್ಬರು ತಳ್ಳುತ್ತ.
ಹೆಂಚನ್ನೇ ಎತ್ತಬೇಕು ಅಂತ ಗೊಣಗಿದ, ನನಗಲ್ಲ, ಪೆನ್ಸಿಲಿಗೆ.

ಮಳೆಗಾಲಕ್ಕೆ ಇನ್ನೂ ಎಂಟು ವಾರ.
ವಾಪಸು ಬಂದು ಫೈಲಿನಲ್ಲಿ ಹೊಸದೊಂದು ಕಾಲಂ ಹಾಕಿದೆ.
ಅಲ್ಲಿ ಉಳಿದೆಲ್ಲ ಅಂಕಿಗಳಿಗೂ ಆಚೆಗೊಂದು, ಈಚೆಗೊಂದು ಅಂಚು.
ಮೊದಲ ಸಾಲಲ್ಲಿ ಎಂಬತ್ತಮೂರು ಅಂತ ಬರೆದು,
ಕೂದಲು ಒತ್ತಿಕೊಂಡು,
ತಿದ್ದಿದೆ.